ಗುಲ್ಮಿಯ ಕಾಫಿ ಗುಡ್ಡದಲ್ಲಿ ಕಾಂಡ ಕೊರಕ ಹುಡುಕಿದ್ದು

ನೇಪಾಳಕ್ಕೆ ಹೋಗಿ ಬಂದೆ ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಎವರೆಸ್ಟ್ ಕಾಣಿಸ್ತಾ? ಎಷ್ಟು ಖರ್ಚಾಯ್ತು? ಎವರೆಸ್ಟ್ ಇರುವುದು ಆ ದೇಶದ ಇನ್ನೊಂದು ಕಡೆ. ನಾನು ಹೋದದ್ದು ಪಶ್ಚಿಮದ ಗುಡ್ಡಗಾಡಿನ ಗುಲ್ಮಿ ಜಿಲ್ಲೆಗೆ. ಅಲ್ಲಿನ ಸಣ್ಣ ಕಾಫಿ ಬೆಳೆಗಾರರ ಒಂದು ಸಹಕಾರಿ ಸಂಘದ ಜೊತೆ, ಕಾಫಿ ಗಿಡದ ಕಾಂಡ ಕೊರೆದು ತಿನ್ನುವ ಹುಳವನ್ನು ಹುಡುಕುವ ಕೆಲಸ ಸುಮಾರು ಒಂದು ತಿಂಗಳು ಮಾಡಿ ಬಂದೆ. ಖರ್ಚಿನ ಪ್ರಶ್ನೆಗೆ ಮಾತ್ರ ಬಿಡಿಸಿ ಉತ್ತರ ಕೊಡಬೇಕು ಅನ್ನಿಸಿತು. ಹೊರದೇಶಕ್ಕೆ ಹೋಗಿ ಸ್ವಯಂಸೇವೆ ಮಾಡುವುದು ಅಂದರೆ ದುಡ್ಡು ಹೆಚ್ಚಾದವರ ಕೆಲಸ ಅಂತ ನಮ್ಮ ಕಡೆ ಎಲ್ಲರೂ ತಿಳಿದುಕೊಂಡಿದ್ದಾರೆ. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ.

ಹಾಗೆ ಅನ್ನಿಸುವುದಕ್ಕೆ ಕಾರಣವೂ ಇದೆ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಸಿಗುವುದು ದೂರದ ದೇಶಗಳ ದೊಡ್ಡ ಏಜೆನ್ಸಿಗಳು. ಎರಡು ವಾರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಿ, ಇಷ್ಟು ಡಾಲರ್ ಕಟ್ಟಿ ಅನ್ನುತ್ತವೆ. ವಿಮಾನದ ಖರ್ಚು ಬೇರೆ. ಕಟ್ಟಿದ ದುಡ್ಡಿನಲ್ಲಿ ಜಾಹೀರಾತಿಗೆ, ಕಚೇರಿಗೆ, ಲಾಭಕ್ಕೆ ಹೋಗಿ ಉಳಿದದ್ದು ಎಷ್ಟು, ಅದು ಊರಿಗೆ ಮುಟ್ಟುವುದು ಎಷ್ಟು ಅಂತ ಬಹಳ ಕಡೆ ಬರೆದೇ ಇರುವುದಿಲ್ಲ. ಇಷ್ಟೆಲ್ಲ ಆಗಿ ಕೊನೆಗೆ ಅವರು ನಿಮ್ಮನ್ನು ತಂದು ಒಪ್ಪಿಸುವುದು ಯಾವುದೋ ಹಳ್ಳಿಯ ಒಂದು ಸಣ್ಣ ಸಂಸ್ಥೆಗೇ. ಹಾಗಿದ್ದ ಮೇಲೆ ಆ ಸಂಸ್ಥೆಗೇ ನೇರ ಫೋನ್ ಮಾಡಬಹುದಲ್ವಾ? ಊರಿನವರೇ ಕಟ್ಟಿ ನಡೆಸುತ್ತಿರುವ ಸಂಸ್ಥೆಯನ್ನು ಹುಡುಕಿ, ನಮಗೆ ಕೈಗೂಡಿದ ಕೆಲಸ ಹಿಡಿದುಕೊಂಡು, ಅವರು ಕರೆದಾಗ ಹೋಗಬೇಕು. ಖರ್ಚು ಕಡಿಮೆ ಆಗುವ ದಾರಿಯೂ ಇದೇ, ಅವರಿಗೆ ಉಪಯೋಗ ಆಗುವ ದಾರಿಯೂ ಇದೇ.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದ ಮಳೆ, ಗುಡ್ಡಕುಸಿತ ಕಾರಣ.

ನಮ್ಮ ತೋಟ ಮಕ್ಕಂದೂರಿನ ಕಡೆ. ಆ ಮಳೆಯಲ್ಲಿ ನಮ್ಮ ಮನೆ ಉಳಿಯಿತು. ತೋಟದ ಕೆಳಗಿನ ಭಾಗ ಬರೆ (ಗುಡ್ಡದ ಕಡಿದಾದ ಮಗ್ಗುಲು) ಸಮೇತ ಜರಿದು ಹೋಯಿತು. ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ, ಕಾಲೂರು, ಹೀಗೆ ಒಂದೊಂದೇ ಊರಿನ ಹೆಸರು ಕಿವಿಗೆ ಬೀಳುತ್ತಿದ್ದ ದಿನಗಳು ಅವು. ಅವ್ವನನ್ನು ಕರೆದುಕೊಂಡು ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಬಂದೆ. ಸುಮ್ನೆ ಕೂತಿರಲಾರದೆ ಅಲ್ಲೇ ಅಕ್ಕಿ, ಬೇಳೆ, ಹೊದಿಕೆ ಲೆಕ್ಕ ಬರೆಯುವ ಕೆಲಸಕ್ಕೆ ನಿಂತೆ. ನಾಡಿನ ಮೂಲೆಮೂಲೆಯಿಂದ ಲಾರಿಗಳು ಬಂದವು. ಗುರುತು ಪರಿಚಯ ಇಲ್ಲದ ಜನ ತೋರಿಸಿದ ಆ ಪ್ರೀತಿಯ ಋಣ ನಮ್ಮ ಮೇಲೆ ಯಾವತ್ತಿಗೂ ಇದೆ.

ಆದರೆ ಬಂದದ್ದರಲ್ಲಿ ಎಷ್ಟೋ ಸಾಮಾನು ಯಾರನ್ನೂ ಕೇಳದೆ ಬಂದದ್ದು. ಹಳೇ ಬಟ್ಟೆಯ ರಾಶಿ ಎಷ್ಟಿತ್ತು ಅಂದರೆ ಅದನ್ನು ವಿಂಗಡಿಸುವುದಕ್ಕೇ ಜನ ಬೇಕಾಯಿತು. ಮಳೆಗೆ ನೆನೆದು ಮುಗ್ಗಲು ವಾಸನೆ ಬರುತ್ತಿತ್ತು. ಹೆಂಗಸರಿಗೆ ಬೇಕಿದ್ದದ್ದು ಒಣಗಿದ ಒಳ ಉಡುಪು, ಪ್ಯಾಡ್, ಒಂದು ಟಾರ್ಚ್. ಅವ್ವನಿಗೆ ಬೇಕಿದ್ದದ್ದು ಬಿಪಿ ಮಾತ್ರೆ. ಆ ಹೊತ್ತಿನಲ್ಲಿ ಕರಾವಳಿ ಕಡೆಯ ಹುಡುಗರ ಒಂದು ತಂಡ ಬಂತು. ಬಂದವರೇ ನಮ್ಮ ಊರಿನ ಯುವಕ ಸಂಘದ ಹುಡುಗರನ್ನು ಹುಡುಕಿದರು. "ನೀವು ಹೇಳಿ, ನಾವು ಮಾಡ್ತೇವೆ" ಅಂದರು. ಯಾರ ಬಾವಿ ಮುಚ್ಚಿಹೋಗಿದೆ, ಯಾರ ಕೊಟ್ಟಿಗೆಯಲ್ಲಿ ದನ ಉಳಿದಿದೆ, ಯಾವ ದಾರಿಯಲ್ಲಿ ಕಾಲಿಟ್ಟರೆ ಮತ್ತೆ ಮಣ್ಣು ಜರಿಯುತ್ತದೆ, ಇದೆಲ್ಲ ನಮ್ಮ ಹುಡುಗರಿಗೆ ಗೊತ್ತಿತ್ತು. ಗುದ್ದಲಿ ಹಿಡಿಯುವ ಕೈ ಸಾಕಾಗುತ್ತಿರಲಿಲ್ಲ. ಆ ಕೈ ಇವರು ಕೊಟ್ಟರು. ಊಟ ತಾವೇ ಮಾಡಿಕೊಂಡರು, ಮಲಗುವುದಕ್ಕೆ ಜಾಗ ಮಾತ್ರ ಕೇಳಿದರು. ಹೊರಗಿನಿಂದ ಬರುವವರು ಹೇಗಿರಬೇಕು ಅಂತ ನಾನು ಕಲಿತದ್ದು ಅವರನ್ನು ನೋಡಿ. ನಾನು ಬೇರೆ ಊರಿಗೆ ಹೋದರೆ ಹೀಗೇ ಹೋಗಬೇಕು ಅಂತ ಅವತ್ತೇ ಅಂದುಕೊಂಡಿದ್ದೆ.

ನೇಪಾಳದ ದಾರಿ ತೋರಿಸಿದ್ದು ಮಡಿಕೇರಿಯ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವ ಗುಲ್ಮಿಯ ಹುಡುಗ. ನಮ್ಮ ಕಾಫಿಪುಡಿ ಆ ಹೋಮ್‌ಸ್ಟೇಗೆ ಹೋಗುತ್ತದೆ. ಪುಡಿ ಕೊಡಲು ಹೋದಾಗ ಅವನು, "ದಿದಿ, ನಮ್ಮ ಮನೆ ಹತ್ರಾನೂ ಕಾಫಿ ಇದೆ. ಗಿಡ ಮಾತ್ರ ನಿಂತಲ್ಲೇ ಒಣಗ್ತದೆ" ಅಂದ. ಅವನ ಫೋನಿನಲ್ಲಿದ್ದ ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ಹಳದಿಯಾಗಿ ಜೋತುಬಿದ್ದ ಎಲೆ, ಕಾಂಡದ ಮೇಲೆ ಸುತ್ತಲೂ ಎದ್ದ ಉಬ್ಬು. ಬಿಳಿ ಕಾಂಡ ಕೊರಕ. ಅರೇಬಿಕಾ ಜಾತಿಯ ಕಾಫಿ ಇಟ್ಟುಕೊಂಡವರಿಗೆ ಅದನ್ನು ಬೇರೆ ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ನಮ್ಮಲ್ಲಿ ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದವರು ಎಷ್ಟು ಜನ ಇದ್ದಾರೆ. ಅದರಲ್ಲಿ ಈ ಹುಳಕ್ಕೆ ಸೋತವರು ಕಡಿಮೆಯೇನಲ್ಲ. ನಾನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ತರಬೇತಿ ಪಡೆದು, ಆಮೇಲೆ ನಮ್ಮ ತೋಟದಲ್ಲೇ ವರ್ಷವರ್ಷ ಈ ಗಿಡ ಹುಡುಕುವ ಕೆಲಸ ಮಾಡಿದವಳು. ನನಗೆ ಇಂಗ್ಲಿಷ್ ಪಾಠ ಹೇಳಲು ಬರುವುದಿಲ್ಲ, ಕಟ್ಟಡ ಕಟ್ಟಲು ಬರುವುದಿಲ್ಲ. ಇದು ಬರುತ್ತದೆ.

ಗುಲ್ಮಿಯ ಕಾಫಿಗೆ ಒಂದು ಚಂದದ ಕಥೆ ಇದೆ. ನಮ್ಮ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಅಂತ ಹೇಳುತ್ತಾರಲ್ಲ, ಅಲ್ಲೂ ಬೀಜ ತಂದದ್ದು ಒಬ್ಬ ಸಾಧು. ಹೀರಾ ಗಿರಿ ಅಂತ ಹೆಸರು. 1938ರಲ್ಲಿ ಬರ್ಮಾದಿಂದ ತಂದು ಗುಲ್ಮಿಯ ಆಪ್‌ಚೌರ್‌ನಲ್ಲಿ ನೆಟ್ಟರಂತೆ. ಬಹಳ ವರ್ಷ ಅದು ಮನೆ ಹಿತ್ತಲಿನ ಗಿಡವಾಗಿಯೇ ಇತ್ತು. ಆಮೇಲೆ ಬೆಳೆಯಾಯಿತು. ಈಗ ಗುಲ್ಮಿ, ಪಾಲ್ಪಾ, ಸ್ಯಾಂಗ್ಜಾ, ಕಾಸ್ಕಿ, ಹೀಗೆ ಗುಡ್ಡದ ಜಿಲ್ಲೆಗಳಲ್ಲೆಲ್ಲ ಇದೆ. ಎಲ್ಲ ಅರೇಬಿಕಾ. ತೋಟ ಅಂದರೆ ನಮ್ಮ ಹಾಗೆ ಎಕರೆಗಟ್ಟಲೆ ಅಲ್ಲ. ಅಲ್ಲಿ ಜಾಗ ಅಳೆಯುವುದು ರೋಪನಿಯಲ್ಲಿ. ಎಂಟು ರೋಪನಿ ಸೇರಿದರೆ ಹೆಚ್ಚುಕಡಿಮೆ ನಮ್ಮ ಒಂದು ಎಕರೆ. ಮುಸುಕಿನ ಜೋಳದ ಮೆಟ್ಟಿಲುಗದ್ದೆಯ ಅಂಚಿನಲ್ಲಿ ಐವತ್ತು ಗಿಡ, ನೂರು ಗಿಡ. ಅಷ್ಟೇ ಒಂದು ಮನೆಯ ಕಾಫಿ.

ಸಂಘದ ಕಾರ್ಯದರ್ಶಿಗೆ ಮೊದಲು ಫೋನ್ ಮಾಡಿಸಿದ್ದು ಆ ಹುಡುಗನೇ. ಆಮೇಲೆ ನಾನೇ ಮಾತಾಡಿದೆ, ಅರ್ಧಂಬರ್ಧ ಹಿಂದಿಯಲ್ಲಿ. ನಾನು ಕೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಯಾವ ದೇಶಕ್ಕೆ ಹೋಗುವವರೂ ಇದನ್ನೇ ಕೇಳಬೇಕು. ಹೊರಗಿನವರು ಯಾರೂ ಬಾರದ ತಿಂಗಳಲ್ಲಿ ನಿಮ್ಮ ಸಂಘ ಏನು ಮಾಡುತ್ತದೆ? ಈ ಪ್ರಶ್ನೆಗೆ ಅವರು ಹಣ್ಣು ಕೊಳ್ಳುವುದು, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ, ನರ್ಸರಿ, ಸದಸ್ಯರ ಉಳಿತಾಯದ ಲೆಕ್ಕ ಅಂತ ಹೇಳುತ್ತಾ ಹೋದರು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು. ವಾಲಂಟಿಯರ್‌ಗಳು ಬಂದರಷ್ಟೇ ಬಾಗಿಲು ತೆರೆಯುವ ಸಂಸ್ಥೆ ಅಂದರೆ ಅದರ ಬೆಳೆ ನಾವೇ. ಆಮೇಲೆ, ನಾನು ಕೊಡುವ ದುಡ್ಡು ಯಾರ ಕೈಗೆ ಹೋಗುತ್ತದೆ, ರಸೀದಿ ಕೊಡುತ್ತೀರಾ? ನಾನು ಮಾಡುವ ಕೆಲಸ ಊರಿನವರು ಯಾರಾದರೂ ಕೂಲಿಗೆ ಮಾಡುತ್ತಿದ್ದಾರಾ? ಈ ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯ. ನಾವು ತೋಟದವರು, ಕೂಲಿ ಕೊಡುವವರು. ಒಬ್ಬರು ಬಿಟ್ಟಿ ಕೆಲಸಕ್ಕೆ ನಿಂತರೆ ಇನ್ನೊಬ್ಬರ ಅವತ್ತಿನ ಕೂಲಿ ಹೋಗುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತು. ಹಣ್ಣು ಕುಯ್ಯುವುದಕ್ಕೆ, ಮಣ್ಣು ಅಗೆಯುವುದಕ್ಕೆ ನಾನು ಬರುವುದಿಲ್ಲ, ಗೊತ್ತಿರುವುದನ್ನು ತೋರಿಸಿಕೊಡುವುದಕ್ಕೆ ಬರುತ್ತೇನೆ ಅಂದೆ. ಅವರೂ ಅದನ್ನೇ ಕೇಳಿದ್ದರು.

ಹೋಗುವ ಕಾಲವೂ ಮುಖ್ಯ. ನಮ್ಮಲ್ಲಿ ತುಲಾ ಸಂಕ್ರಮಣ ಕಳೆದ ಮೇಲೆ ಅರೇಬಿಕಾ ಕುಯ್ಲು ಶುರುವಾಗುವವರೆಗೆ ಸ್ವಲ್ಪ ಬಿಡುವು ಸಿಗುತ್ತದೆ. ತಲಕಾವೇರಿಯ ತೀರ್ಥ ಮನೆಗೆ ಬಂದ ಮೇಲೆ ಹೊರಟೆ. ಅಣ್ಣ ತೋಟ ನೋಡಿಕೊಂಡ. ಅಲ್ಲಿ ಮಳೆ ಬಿಟ್ಟಿರುತ್ತದೆ, ದಾರಿ ತೆರೆದಿರುತ್ತದೆ, ಕೊರಕದ ಹುಳ ಬೆಳೆದು ಆಗುವ ದುಂಬಿಯ ಗಲಾಟೆಯೂ ಅದೇ ಹೊತ್ತಿಗೆ.

ಈಗ ದುಡ್ಡಿನ ವಿಷಯ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. 1950ರ ಒಪ್ಪಂದದಿಂದ ಬಂದ ಅನುಕೂಲ ಅದು. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ವೋಟರ್ ಕಾರ್ಡ್ ಸಾಕು, ಆಧಾರ್ ಒಂದನ್ನೇ ನಂಬಿ ಹೋಗಬೇಡಿ. ಮಡಿಕೇರಿಯಿಂದ ಬೆಂಗಳೂರಿಗೆ ಬಸ್ಸು. ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲು ಇದೆ, ಸ್ಲೀಪರ್‌ಗೆ ಸಾವಿರ ರೂಪಾಯಿಯ ಆಸುಪಾಸು. ಹೆಚ್ಚುಕಡಿಮೆ ಎರಡು ದಿನದ ದಾರಿ, ಪುಳಿಯೋಗರೆ, ಚಪಾತಿ ಕಟ್ಟಿಕೊಂಡರೆ ಅಷ್ಟರಮಟ್ಟಿಗೆ ಖರ್ಚು ಉಳಿಯಿತು. ಗೋರಖ್‌ಪುರದಿಂದ ಬಸ್ಸಿನಲ್ಲಿ ಸುನೌಲಿ. ಅಲ್ಲಿ ಗಡಿಯನ್ನು ನಡೆದೇ ದಾಟುವುದು. ಆ ಕಡೆ ಭೈರಹವಾ, ಬುಟ್ವಲ್, ಅಲ್ಲಿಂದ ಗುಡ್ಡ ಹತ್ತಿದರೆ ತಾನ್ಸೇನ್. ಬುಟ್ವಲ್ ದಾಟಿದ ಕೂಡಲೇ ಸಿದ್ಧಬಾಬಾ ಅನ್ನುವ ಜಾಗ ಬರುತ್ತದೆ, ಒಂದು ಕಡೆ ನೇರ ಬಂಡೆ, ಇನ್ನೊಂದು ಕಡೆ ಹೊಳೆ. ಮಳೆಗಾಲದಲ್ಲಿ ಅಲ್ಲಿ ಕಲ್ಲು ಉರುಳುತ್ತದೆ. ಆ ಬರೆಯನ್ನು ನೋಡುತ್ತಾ ನನಗೆ ಗೊತ್ತಿಲ್ಲದೆ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ತಾನ್ಸೇನ್‌ನಿಂದ ಇಳಿದರೆ ರಿಡಿಯಲ್ಲಿ ಕಾಳಿ ಗಂಡಕಿ ನದಿ ಸಿಗುತ್ತದೆ. ನಮ್ಮ ದೇವರಕೋಣೆಗಳಿಗೆ ಸಾಲಿಗ್ರಾಮ ಬರುವುದು ಈ ನದಿಯಿಂದಲೇ. ಅವ್ವನಿಗೆ ಫೋನ್ ಮಾಡಿ ಹೇಳಿದೆ, ಅವಳು ಕೈ ಮುಗಿದೆ ಅಂದಳು.

ನಮ್ಮ ನೂರು ರೂಪಾಯಿಗೆ ಅಲ್ಲಿ 160 ನೇಪಾಳಿ ರೂಪಾಯಿ. ಇದು ದಿನ ದಿನ ಏರುಪೇರಾಗುವುದಿಲ್ಲ, ನಿಗದಿಯಾದ ದರ. ನೂರರ ನೋಟು ಜಾಸ್ತಿ ಇಟ್ಟುಕೊಂಡರೆ ತೊಂದರೆ ಇಲ್ಲ. ನಾನು ಉಳಿದದ್ದು ಆ ಅಡುಗೆಯ ಹುಡುಗನ ಅಕ್ಕನ ಮನೆಯಲ್ಲಿ. ಊಟ, ವಸತಿ ಸೇರಿ ದಿನಕ್ಕೆ 800 ನೇಪಾಳಿ, ಅಂದರೆ ನಮ್ಮ 500 ರೂಪಾಯಿ, ನೇರ ಅಕ್ಕನ ಕೈಗೆ. ಇಷ್ಟು ಅಂತ ಗೊತ್ತುಮಾಡಿದ್ದು ಸಂಘ. ನೆಂಟರ ಹಾಗೆ ಬಂದಿದ್ದೀರಿ, ದುಡ್ಡು ಬೇಡ ಅಂತ ಅಕ್ಕ ಮೊದಲು ಹೇಳಿದರು. ನಾನು ಒಪ್ಪಲಿಲ್ಲ. ಕಡಿಮೆ ಖರ್ಚಿನಲ್ಲಿ ಹೋಗುವುದು ಅಂದರೆ ಬಡವರ ಮನೆಯಲ್ಲಿ ಬಿಟ್ಟಿ ಉಣ್ಣುವುದು ಅಂತ ಅಲ್ಲ. ಸಿಮ್, ದಾರಿ ಖರ್ಚು, ಇನ್ಶೂರೆನ್ಸ್, ಮನೆಗೆ ತಂದ ಸಣ್ಣಪುಟ್ಟ ಸಾಮಾನು ಎಲ್ಲ ಸೇರಿ 25 ಸಾವಿರದೊಳಗೆ ಮುಗಿಯಿತು. ಏಜೆನ್ಸಿಗಳು ಎರಡು ವಾರಕ್ಕೆ ಕೇಳುವ ದುಡ್ಡಿನ ಪಕ್ಕ ಇದನ್ನು ಇಟ್ಟು ನೋಡಿ.

ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂಘದ ಹತ್ತು ಹನ್ನೆರಡು ಹೆಂಗಸರು ಬೆಳಗ್ಗೆ ಚಹಾ ಕುಡಿದು ಬರುತ್ತಿದ್ದರು. ಒಂದೊಂದು ದಿನ ಒಂದೊಂದು ಕೇರಿ. ಅವರು ಈ ಹುಳವನ್ನು ಸೇತೋ ಗವಾರೋ ಅನ್ನುತ್ತಾರೆ. ಹುಳ ಎಲ್ಲರಿಗೂ ಗೊತ್ತಿತ್ತು, ಗಿಡ ಸಾಯುವ ಮೊದಲೇ ಅದನ್ನು ಪತ್ತೆ ಮಾಡುವುದು ಮಾತ್ರ ರೂಢಿ ಇರಲಿಲ್ಲ. ಗಿಡದ ಬುಡಕ್ಕೆ ಕೂತು, ಕಾಂಡದ ಮೇಲೆ ಕೆಳಗಿನಿಂದ ಹೆಬ್ಬೆರಳು ಆಡಿಸಬೇಕು. ಹುಳ ಒಳಗೆ ಕೊರೆದ ದಾರಿಯುದ್ದಕ್ಕೂ ಮೇಲಿನ ತೊಗಟೆ ಸಣ್ಣಗೆ ಉಬ್ಬಿರುತ್ತದೆ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಮೊದಲ ದಿನ ಒಂದು ಗಿಡವನ್ನು ಕಡಿದು ಉದ್ದಕ್ಕೆ ಸೀಳಿ ತೋರಿಸಿದೆ. ಒಳಗೆ ದಾರಿ ತುಂಬಾ ಹುಡಿ ಒತ್ತಿ ತುಂಬಿತ್ತು, ಕೊನೆಯಲ್ಲಿ ಬೆಳ್ಳಗಿನ ಹುಳ. ಆಮೇಲೆ ಆ ಹೆಂಗಸರನ್ನು ಹಿಡಿಯುವವರಿಲ್ಲ. ಮಧ್ಯಾಹ್ನದೊಳಗೆ ಅವರೇ ನನ್ನನ್ನು ಕೂಗಿ ಕರೆದು "ಇದು ನೋಡಿ ದಿದಿ" ಅನ್ನುತ್ತಿದ್ದರು.

ಬಿಸಿಲಿಗೆ ಬಿದ್ದ ಗಿಡದಲ್ಲಿ ಕೊರಕ ಜಾಸ್ತಿ. ಅಲ್ಲಿ ಗದ್ದೆ ಅಂಚಿನ ಗಿಡಗಳಿಗೆ ನೆರಳೇ ಇರಲಿಲ್ಲ. ನಮ್ಮಲ್ಲಿ ಮರಗಸಿ ಮಾಡಿ, ಅಂದರೆ ನೆರಳಿನ ಮರದ ಕೊಂಬೆ ಕಡಿದು, ನೆರಳು ಎಷ್ಟಿರಬೇಕು ಅಂತ ಅಳೆದು ಬಿಡುತ್ತೇವೆ, ಅಲ್ಲಿ ಮೊದಲು ಮರ ನೆಡುವುದರಿಂದ ಶುರು ಮಾಡಬೇಕು. ಸಂಘದ ನರ್ಸರಿಯಲ್ಲಿ ನೆರಳಿನ ಮರದ ಸಸಿ ಏಳಿಸುವ ಮಾತಾಯಿತು. ದುಂಬಿ ಮೊಟ್ಟೆ ಇಡುವುದು ಸಡಿಲ ತೊಗಟೆಯ ಸಂದಿಯಲ್ಲಿ. ಹಾಗಾಗಿ ಗೋಣಿ ತುಂಡಿನಿಂದ ಕಾಂಡ ಉಜ್ಜಿ ನಯ ಮಾಡುವುದು, ನೂರು ಲೀಟರ್ ನೀರಿಗೆ ಹತ್ತು ಕೆಜಿಯ ಲೆಕ್ಕದಲ್ಲಿ ಸುಣ್ಣ ಕಲಸಿ ಕಾಂಡಕ್ಕೆ ಹೊಡೆಯುವುದು. ಅಲ್ಲಿ ಹೆಚ್ಚಿನವರು ವಿಷದ ಔಷಧಿ ಹೊಡೆಯುವುದಿಲ್ಲ, ಅದನ್ನು ಹಾಗೇ ಉಳಿಸಿಕೊಳ್ಳಬೇಕು ಅಂತಿದ್ದಾರೆ. ಸುಣ್ಣಕ್ಕೆ ಯಾರ ತಕರಾರೂ ಇರಲಿಲ್ಲ.

ಕಷ್ಟದ ಮಾತು ಬಂದದ್ದು ಗಿಡ ಕೀಳುವಾಗ. ಒಬ್ಬರು ಅಜ್ಜಿ. ಅವರದ್ದು ಅರವತ್ತೋ ಎಪ್ಪತ್ತೋ ಗಿಡ. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಯಿ ಹಿಡಿದ ಗಿಡದಲ್ಲೇ ಹುಳ. ಕೊರಕ ಹಿಡಿದ ಗಿಡ ಕಿತ್ತು ಸುಡಬೇಕು ಅನ್ನುವುದು ನಾವು ಕಲಿತ ಪಾಠ. ಆದರೆ ಇನ್ನು ಸ್ವಲ್ಪ ದಿನಕ್ಕೆ ಹಣ್ಣಾಗುವ ಗಿಡವನ್ನು ಬೇರೆ ದೇಶದಿಂದ ಬಂದವಳು ಕೀಳಿ ಅಂತ ಹೇಗೆ ಹೇಳುವುದು? ಅಜ್ಜಿ ಗಿಡವನ್ನು ಸವರುತ್ತಾ ನಿಂತರು. ನಾನು ಸಂಘದ ಕಾರ್ಯದರ್ಶಿಯ ಮುಖ ನೋಡಿದೆ. ಅವರು ಅಜ್ಜಿಯ ಪಕ್ಕ ಕೂತು ಬಹಳ ಹೊತ್ತು ಮಾತಾಡಿದರು. ಕೊನೆಗೆ ಕಾಂಡಕ್ಕೆ ಗೊಬ್ಬರದ ಚೀಲ ಬಿಗಿಯಾಗಿ ಸುತ್ತಿ ಕಟ್ಟುವುದು, ಒಳಗಿನ ದುಂಬಿ ಹೊರಗೆ ಹಾರದ ಹಾಗೆ ನೋಡಿಕೊಳ್ಳುವುದು, ಹಣ್ಣು ಕುಯ್ದ ದಿನವೇ ಕಡಿದು ಸುಡುವುದು ಅಂತ ಆಯಿತು. ಆ ಜಾಗಕ್ಕೆ ಎರಡು ಸಸಿ ಸಂಘದಿಂದ. ಇದು ನನ್ನ ಬಾಯಿಂದ ಬರುವ ಪರಿಹಾರವೇ ಅಲ್ಲ. ಆ ಅಜ್ಜಿಗೆ ಸಂಘದಲ್ಲಿ ಸಾಲ ಎಷ್ಟಿದೆ, ಮಗ ಕೊಲ್ಲಿಯಿಂದ ದುಡ್ಡು ಕಳಿಸುತ್ತಾನಾ ಇಲ್ವಾ, ಇದೆಲ್ಲ ಗೊತ್ತಿದ್ದವರು ಕಟ್ಟಿದ ಒಪ್ಪಂದ. ಮಾರನೇ ವರ್ಷವೂ ಅಲ್ಲೇ ಇರುವವರು ಅವರು. ಊರಿನ ಸಂಸ್ಥೆಯ ಮೂಲಕ ಹೋಗಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಕಲಿತುಕೊಂಡು ಬಂದದ್ದೂ ಇದೆ. ಹತ್ತಾರು ಮನೆಗೆ ಸೇರಿ ಒಂದೇ ಪಲ್ಪರ್. ಕುಯ್ಲಿನಲ್ಲಿ ಹೆಂಗಸರು ಡೋಕೋ ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಹಣ್ಣು ಹೊತ್ತು ತರುತ್ತಾರಂತೆ. ನೀರಿಗೆ ಹಾಕಿ ತೇಲಿದ ಹಣ್ಣು ಬೇರೆ ಮಾಡಿ, ತೂಕ ಹಾಕಿ, ಪುಸ್ತಕದಲ್ಲಿ ಬರೆದು, ಅವರ ಮುಂದೆಯೇ ಓದಿ ಹೇಳುತ್ತಾರೆ. ಆ ಪುಸ್ತಕವನ್ನು ನನಗೆ ತೆರೆದು ತೋರಿಸಿದರು, ಒಂದು ಕಿಲೋ ಎರಡು ಕಿಲೋ ತಂದವರ ಹೆಸರೂ ಅದರಲ್ಲಿತ್ತು. ನಮ್ಮ ಕಡೆ ಸಣ್ಣ ತೋಟದವರು ಒಬ್ಬೊಬ್ಬರೇ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿ ಚೆರಿ ಮಾಡಿ, ಬಂದ ಬೆಲೆಗೆ ಕೊಟ್ಟು ಬರುತ್ತೇವೆ. ನಮ್ಮ ಕೇರಿಯ ನಾಲ್ಕು ಮನೆಯವರು ಸೇರಿ ಒಂದು ಪಲ್ಪರ್ ಇಡುವ ಮಾತು ಈಗ ನಡೆದಿದೆ. ಊಟದ್ದು ಏನೂ ಕಷ್ಟ ಆಗಲಿಲ್ಲ. ಅನ್ನ, ಬೇಳೆ, ಸೊಪ್ಪು, ಕೆಲವು ರಾತ್ರಿ ರಾಗಿಹಿಟ್ಟಿನ ಢಿಡೋ. ಮುದ್ದೆ ತಿಂದವರಿಗೆ ಅದನ್ನು ಹೇಗೆ ತಿನ್ನುವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನಿದ್ದಾಗಲೇ ತಿಹಾರ್ ಬಂತು, ಅವರ ದೀಪಾವಳಿ. ಒಂದು ದಿನ ನಾಯಿಗಳಿಗೆ ಹಾರ ಹಾಕಿ ಹಣೆಗೆ ಕುಂಕುಮ ಇಡುತ್ತಾರೆ. ಕೊನೆಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಏಳು ಬಣ್ಣದ ಟೀಕಾ ಇಡುವ ಹಬ್ಬ. ನಮ್ಮ ಅಕ್ಕ ಫೋನನ್ನು ಒಂದು ಮಣೆಯ ಮೇಲೆ ನಿಲ್ಲಿಸಿ ತಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ಅವನು ಮಡಿಕೇರಿಯ ಹೋಮ್‌ಸ್ಟೇಯ ಅಡುಗೆಮನೆಯಲ್ಲಿ ತಾನೇ ಹಣೆಗೆ ಬಣ್ಣ ಇಟ್ಟುಕೊಂಡ, ಇವರು ಇಲ್ಲಿಂದ ಮಂತ್ರದ ಹಾಗೆ ಹಾರೈಕೆ ಹೇಳುತ್ತಾ ಹೋದರು. ಹಿಂದಿನಿಂದ ನಮ್ಮ ಊರಿನ ಮಿಕ್ಸಿ ಸದ್ದು ಕೇಳುತ್ತಿತ್ತು.

ಒಂದು ವಿಷಯ ಮಾತ್ರ ಬಹಳ ಜನ ಕೇಳುತ್ತಾರೆ, ಅದಕ್ಕೆ ಬೇಡ ಅಂತಲೇ ಹೇಳುತ್ತೇನೆ. ಅನಾಥಾಶ್ರಮ. ಎರಡು ವಾರ ಹೋಗಿ ಮಕ್ಕಳ ಜೊತೆ ಆಟ ಆಡಿ ಬರುವುದು ಒಳ್ಳೆ ಕೆಲಸ ಅಂತ ಕಾಣುತ್ತದೆ. ನೇಪಾಳದಲ್ಲಿ, ಕಾಂಬೋಡಿಯಾದಲ್ಲಿ ಇಂಥ ಆಶ್ರಮಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ ಅಂತ ಯುನಿಸೆಫ್‌ನವರು, ಮಕ್ಕಳ ಕ್ಷೇಮಕ್ಕೆ ದುಡಿಯುವ ಸಂಸ್ಥೆಗಳು ಹೇಳುತ್ತಲೇ ಬಂದಿದ್ದಾರೆ. ಓದಿಸುತ್ತೇವೆ ಅಂತ ಹಳ್ಳಿಯಿಂದ ಮಕ್ಕಳನ್ನು ಕರೆತರುತ್ತಾರೆ. ಹೊರದೇಶದವರು ಬಂದು ದುಡ್ಡು ಕೊಡುತ್ತಾರೆ ಅಂತ ಗೊತ್ತಾದ ಮೇಲೆ ಮಕ್ಕಳು ಅಲ್ಲೇ ಉಳಿಯಬೇಕಾಗುತ್ತದೆ. 2015ರ ಏಪ್ರಿಲ್‌ನ ಭೂಕಂಪದ ನಂತರ ನೇಪಾಳ ಸರ್ಕಾರ, ಹೆತ್ತವರಿಲ್ಲದೆ, ಅನುಮತಿ ಇಲ್ಲದೆ ಮಕ್ಕಳನ್ನು ಜಿಲ್ಲೆ ದಾಟಿಸಬಾರದು ಅಂತ ನಿಷೇಧ ಹಾಕಬೇಕಾಯಿತು. ಯಾವ ವಿಚಾರಣೆಯೂ ಇಲ್ಲದೆ ನಿಮ್ಮನ್ನು ಮಕ್ಕಳ ಕೋಣೆಯೊಳಗೆ ಬಿಡುವ ಜಾಗ ಇನ್ಯಾರನ್ನೂ ಹಾಗೇ ಬಿಡುತ್ತದೆ, ಅಲ್ವಾ?

ಊರಲ್ಲಿ ಒಬ್ಬರು ಹಿರಿಯರು ಕೇಳಿದರು, "ನಮ್ಮ ಕೊಡಗಿನಲ್ಲೇ ಮಾಡುವ ಕೆಲಸ ರಾಶಿ ಬಿದ್ದಿಲ್ವಾ ಮಗಳೇ, ಅಷ್ಟು ದೂರ ಯಾಕೆ?" ಕೇಳಿದ್ದು ನ್ಯಾಯವೇ. ಇಲ್ಲೂ ಮಾಡುತ್ತೇನೆ, ಬಿಟ್ಟಿಲ್ಲ. ಆದರೆ ಹೊರಗಿನವರು ಬಂದು ಕೈಜೋಡಿಸಿದ್ದರಿಂದ ನಮ್ಮ ಕೇರಿ ಎದ್ದು ನಿಂತಿತು. ಗಡಿ ಅನ್ನುವುದು ಅದಕ್ಕೆ ಯಾಕೆ ಅಡ್ಡ ಬರಬೇಕು? 1934ರ ಜನವರಿಯಲ್ಲಿ ಬಿಹಾರ, ನೇಪಾಳ ಎರಡನ್ನೂ ಅಲುಗಾಡಿಸಿದ ಭೂಕಂಪ ಆದಾಗ ಪಿಯರ್ ಸೆರೆಸೋಲ್ ಅನ್ನುವ ಸ್ವಿಸ್ ಮನುಷ್ಯ ಬಿಹಾರಕ್ಕೆ ಬಂದು ಹಳ್ಳಿ ಕಟ್ಟುವ ಕೆಲಸಕ್ಕೆ ನಿಂತಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ಹಾಳುಬಿದ್ದ ಊರೊಂದರಲ್ಲಿ ಬೇರೆ ಬೇರೆ ದೇಶದವರನ್ನು ಸೇರಿಸಿ ಕೆಲಸದ ಶಿಬಿರ ನಡೆಸಿದವರು ಅವರು. ಅದರಿಂದ ಬೆಳೆದ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಈಗಲೂ ಇದೆ, ಭಾರತದಲ್ಲೂ ಅದರ ಶಾಖೆ ಇದೆ. ಶಿಬಿರಗಳಿಗೆ ಸೇರಬೇಕು ಅನ್ನುವ ಕಾಲೇಜು ಮಕ್ಕಳು ಅಲ್ಲಿಂದ ಶುರು ಮಾಡಬಹುದು.

ಶ್ರೀಲಂಕಾ ಹತ್ತಿರ ಅನ್ನುವವರು ಸರ್ವೋದಯ ಶ್ರಮದಾನ ಚಳವಳಿಯ ಬಗ್ಗೆ ಓದಿ. 1958ರಲ್ಲಿ ಎ. ಟಿ. ಅರಿಯರತ್ನೆ ಅನ್ನುವ ಶಾಲೆಯ ಮೇಷ್ಟ್ರು ಮಕ್ಕಳನ್ನು ಒಂದು ಹಳ್ಳಿಗೆ ಕರೆದುಕೊಂಡು ಹೋಗಿ ಶುರು ಮಾಡಿದ್ದು. ಕೇಂದ್ರ ಕಚೇರಿ ಮೊರಟುವಾದಲ್ಲಿ. ಭೂತಾನ್‌ಗೆ ವೀಸಾ ಬೇಡ, ಆದರೆ ಭಾರತೀಯರಿಗೂ ಒಂದು ರಾತ್ರಿಗೆ 1200 ರೂಪಾಯಿ ಶುಲ್ಕ ಇದೆ, ತಿಂಗಳುಗಟ್ಟಲೆ ಇರುವುದಕ್ಕೆ ಅದು ಅಗ್ಗ ಅಲ್ಲ. ತೋಟದ ಕೆಲಸ ಗೊತ್ತಿದ್ದವರಿಗೆ ವೂಫ್ ಇದೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಸಾವಯವ ತೋಟದಲ್ಲಿ ದಿನಕ್ಕೆ ಕೆಲವು ಗಂಟೆ ಕೆಲಸ, ಬದಲಿಗೆ ಊಟ, ವಸತಿ. ಮನೆ ಬಿಟ್ಟು ಹೋಗಲು ಆಗದವರಿಗೆ ವಿಶ್ವಸಂಸ್ಥೆಯ ಆನ್‌ಲೈನ್ ಸ್ವಯಂಸೇವೆ, ಅದಕ್ಕೆ ದುಡ್ಡು ಕಟ್ಟುವುದೇ ಇಲ್ಲ.

ಯಾವ ದೇಶ ಆದರೂ ಅಲ್ಲಿನ ಕಾನೂನು ಮೊದಲು ನೋಡಿ. ಪ್ರವಾಸಿ ವೀಸಾದಲ್ಲಿ ಹೋಗಿ ಸಂಬಳ ಇಲ್ಲದ ಕೆಲಸವನ್ನೂ ಮಾಡುವ ಹಾಗಿಲ್ಲ ಅನ್ನುವ ದೇಶಗಳು ಬಹಳ ಇವೆ. ನಮ್ಮ ಕುಶಾಲನಗರದ ಪಕ್ಕದ ಬೈಲಕುಪ್ಪೆಯನ್ನೇ ನೋಡಿ. ಟಿಬೆಟಿಯನ್ ನೆಲೆಯಲ್ಲಿ ಉಳಿಯುವುದಕ್ಕೆ ವಿದೇಶಿಯರಿಗೆ ಬೇರೆ ಪರವಾನಗಿಯೇ ಬೇಕು. ಊರಿನ ಸಂಸ್ಥೆ ಒಳ್ಳೆಯದಾಗಿದ್ದರೆ ಇದನ್ನೆಲ್ಲ ಅವರೇ ಮೊದಲು ಹೇಳುತ್ತಾರೆ.

ಈಗ ಇನ್ನೊಂದು ಕೆಲಸ ಹಿಡಿದಿದ್ದೇನೆ. ಗುಲ್ಮಿಯ ಆ ಗುಂಪಿನಿಂದ ಇಬ್ಬರು ಹೆಂಗಸರು ಬರುವ ಜನವರಿಯಲ್ಲಿ ಕೊಡಗಿಗೆ ಬರುತ್ತಾರೆ. ಅವರಿಗೂ ನಮ್ಮ ದೇಶಕ್ಕೆ ವೀಸಾ ಬೇಡ. ರೋಬಸ್ಟಾ ಕುಯ್ಲು ನೋಡಬೇಕು, ಒಳ್ಳೆಮೆಣಸಿನ ಬಳ್ಳಿ ಮರಕ್ಕೆ ಹೇಗೆ ಹಬ್ಬಿಸುತ್ತೀರಿ ಅಂತ ಕಲಿಯಬೇಕು ಅಂದಿದ್ದಾರೆ. ಅವರ ಜೋಳದ ಗದ್ದೆ ಅಂಚಿನ ಮನೆಗೋಡೆಗಳಲ್ಲಿ ಜೇನುಗೂಡು ಇರುತ್ತದೆ, ಗೋಡೆಯೊಳಗೇ ಜಾಗ ಬಿಟ್ಟು ಕಟ್ಟುತ್ತಾರೆ. ಅದನ್ನು ನಮ್ಮವರಿಗೆ ಹೇಳಿಕೊಡುತ್ತಾರಂತೆ. ರೈಲಿನ ಟಿಕೆಟ್ ದುಡ್ಡು ನಾವು ಕೆಲವರು ಸೇರಿ ಹಾಕುತ್ತಿದ್ದೇವೆ, ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಸೋಮವಾರಪೇಟೆ ಕಡೆ ಅರೇಬಿಕಾ ಇನ್ನೂ ಉಳಿಸಿಕೊಂಡಿರುವ ಸಣ್ಣ ತೋಟದವರು ಯಾರಾದರೂ ಇವರನ್ನು ಒಂದು ವಾರ ಕರೆದುಕೊಳ್ಳುವ ಹಾಗಿದ್ದರೆ ಡಿಸೆಂಬರ್ ಮುಗಿಯುವ ಮೊದಲು ನನಗೆ ತಿಳಿಸಿ. ಅವರು ಅನ್ನ, ಬೇಳೆ ಏನಾದರೂ ತಿನ್ನುತ್ತಾರೆ, ಚಹಾ ಮಾತ್ರ ಸಕ್ಕರೆ ಜಾಸ್ತಿ.